ಹಡಗು ಹತ್ತುವ ನೆಗಡಿ

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ, ಸೇಂಟ್ ಕಿಲ್ಡಾ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ಕಡಲಹಕ್ಕಿಗಳ ಮಾಂಸ, ಮೊಟ್ಟೆ ನಂಬಿ ಬದುಕುತ್ತಿದ್ದ ಅಲ್ಲಿನ ಜನರಿಗೆ ಒಂದು ವಿಷಯ ತಲೆಮಾರುಗಳಿಂದ ಗೊತ್ತಿತ್ತು. ಜಮೀನ್ದಾರನ ಪಾರುಪತ್ಯಗಾರ ಕಂದಾಯ ವಸೂಲಿಗೆಂದು ದೋಣಿಯಲ್ಲಿ ಬಂದಿಳಿದನೆಂದರೆ ಕೆಲವೇ ದಿನಗಳಲ್ಲಿ ಇಡೀ ಊರಿಗೆ ನೆಗಡಿ, ಕೆಮ್ಮು. 1697ರಲ್ಲಿ ಅಲ್ಲಿಗೆ ಹೋಗಿದ್ದ ಮಾರ್ಟಿನ್ ಮಾರ್ಟಿನ್ ಎಂಬಾತ ಇದನ್ನು ಬರೆದಿಟ್ಟ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್‌ನಂಥ ಮೇಧಾವಿಗೆ ಮಾತ್ರ ಇದು ನಂಬುವ ಮಾತಲ್ಲ ಅನಿಸಿತ್ತು. ಅಪರಿಚಿತರು ಬಂದ ಮಾತ್ರಕ್ಕೆ ಊರಿಗೆಲ್ಲ ಶೀತ ಹಿಡಿಯುವುದು ಹೇಗೆ ಸಾಧ್ಯ? ವೈರಾಣು ಎಂಬುದೊಂದಿದೆ ಎಂದೇ ಗೊತ್ತಿಲ್ಲದ ಕಾಲ ಅದು. ಆದರೆ ಸರಿಯಾಗಿ ಕಂಡುಕೊಂಡಿದ್ದವರು ದ್ವೀಪದ ಜನರೇ.

ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್‌ನಲ್ಲಿ ಇದೇ ಸಂಗತಿ ವೈದ್ಯರ ಕಣ್ಣೆದುರಿಗೇ ನಡೆಯಿತು. ಅಲ್ಲಿನ ಕಲ್ಲಿದ್ದಲು ಗಣಿಯ ಊರಿನಲ್ಲಿ ಆಗ ಸುಮಾರು 500 ಜನರಿದ್ದರು. ಚಳಿಗಾಲದಲ್ಲಿ ಬಂದರು ಹೆಪ್ಪುಗಟ್ಟಿ ತಿಂಗಳುಗಟ್ಟಲೆ ಹಡಗುಗಳೇ ಬರುತ್ತಿರಲಿಲ್ಲ. 1930–31ರ ಚಳಿಗಾಲದಲ್ಲಿ ಅಲ್ಲೇ ಬೀಡುಬಿಟ್ಟಿದ್ದ ಸಂಶೋಧಕರು ನೋಡುತ್ತ ಹೋದಂತೆ, ಮೈ ಕೊರೆಯುವ ಚಳಿ ಹೆಚ್ಚಿದರೂ ನೆಗಡಿ ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋಯಿತು. ಮೇ ತಿಂಗಳಲ್ಲಿ ಮಂಜು ಕರಗಿ ಮೊದಲ ಹಡಗು ಬಂತು. ಕೆಲವೇ ದಿನಗಳಲ್ಲಿ ಊರೆಲ್ಲ ಸೀನಲು ಶುರುಮಾಡಿತು.

ಅಂದು ಹಡಗು ದ್ವೀಪಕ್ಕೆ ನೆಗಡಿ ತರುತ್ತಿತ್ತು. ಇಂದಿನ ವಿಹಾರಕ್ಕೆ ಹೋಗುವ ಹಡಗು ಸ್ವತಃ ಒಂದು ದ್ವೀಪ, ಒಂದು ತಾಲ್ಲೂಕು ಕೇಂದ್ರದ ಪೇಟೆಯಷ್ಟು ಜನಸಂದಣಿಯ ದ್ವೀಪ. 2024ರ ಜನವರಿಯಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ನಲ್ಲಿ ಗರಿಷ್ಠ 7600 ಪ್ರಯಾಣಿಕರಿಗೂ 2350 ಸಿಬ್ಬಂದಿಗೂ ಜಾಗವಿದೆ. ಹಡಗಿನ ವೈದ್ಯಕೀಯ ಕೇಂದ್ರಕ್ಕೆ ಬರುವವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಉಸಿರಾಟದ ಸೋಂಕಿನವರೇ ಆಗಿರುತ್ತಾರೆ. ಕಡಲಬೇನೆಯವರಿಗಿಂತ, ಹೊಟ್ಟೆ ಕೆಟ್ಟವರಿಗಿಂತ, ಜಾರಿ ಬಿದ್ದವರಿಗಿಂತ ಇವರೇ ಹೆಚ್ಚು.

ಹೀಗಿದ್ದರೂ ಪ್ರವಾಸಕ್ಕೆ ಹೊರಡುವ ನಮ್ಮವರು ವಾಂತಿಯ ಮಾತ್ರೆಯನ್ನು ಮರೆಯುವುದಿಲ್ಲ, ನೆಗಡಿಯ ಬಗ್ಗೆ ಯೋಚಿಸುವುದೇ ಇಲ್ಲ.

ಥಂಡಿ ಗಾಳಿಯ ಮಾತು

ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮೊದಲ ಬುದ್ಧಿಮಾತು ಒಂದೇ: ‘ಮೇಲೆ ಡೆಕ್‌ನಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡ, ಥಂಡಿ ಗಾಳಿ.’ ಪ್ರೀತಿಯಿಂದ ಹೇಳುವ ಮಾತಿದು. ಆದರೆ ಹಡಗಿನ ಮಟ್ಟಿಗೆ ಇದನ್ನು ತಿರುವುಮುರುವು ಮಾಡಿಕೊಳ್ಳಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇಂಗ್ಲೆಂಡಿನ ಸಾಲ್ಸ್‌ಬರಿ ಬಳಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಘಟಕ ಆರಂಭವಾಯಿತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸ್ವಯಂಸೇವಕರು ಅಲ್ಲಿಗೆ ಹೋಗಿ, ಪುಕ್ಕಟೆ ಊಟ ವಸತಿ ಪಡೆದು, ಮೂಗಿಗೆ ವೈರಾಣು ಹಾಕಿಸಿಕೊಂಡು ವಿಜ್ಞಾನಕ್ಕೆ ನೆರವಾದರು. ಕೆಲವರನ್ನು ಸ್ನಾನ ಮಾಡಿಸಿ, ಒದ್ದೆ ಮೈಯಲ್ಲಿ, ಒದ್ದೆ ಕಾಲುಚೀಲದಲ್ಲಿ ಗಾಳಿಗೆ ನಿಲ್ಲಿಸಿಯೂ ನೋಡಿದರು. ಬರೀ ಚಳಿಯಿಂದ ಅವರಿಗೆ ನೆಗಡಿ ಬರಲಿಲ್ಲ. ನೆಗಡಿ ಬರಬೇಕಾದರೆ ವೈರಾಣು ಬೇಕು, ಅದನ್ನು ತರುವ ಇನ್ನೊಬ್ಬ ಮನುಷ್ಯ ಬೇಕು.

ಹಡಗಿನಲ್ಲಿ ಆ ಇನ್ನೊಬ್ಬ ಮನುಷ್ಯ ಬಹಳ ಹತ್ತಿರ ಇರುವುದು ಎಲ್ಲಿ? ಲಿಫ್ಟಿನಲ್ಲಿ, ರಾತ್ರಿಯ ಷೋ ನಡೆಯುವ ರಂಗಮಂದಿರದಲ್ಲಿ, ಕ್ಯಾಸಿನೊದಲ್ಲಿ, ಮಕ್ಕಳ ಆಟದ ಕೋಣೆಯಲ್ಲಿ. ಕಿಟಕಿ ತೆಗೆಯಲಾಗದ, ಎ.ಸಿ. ಗಾಳಿಯ ಜಾಗಗಳಿವು. ಕೋವಿಡ್ ನಂತರ ಅನೇಕ ಕಂಪನಿಗಳು ಹೊರಗಿನ ಗಾಳಿಯ ಪ್ರಮಾಣ ಹೆಚ್ಚಿಸಿವೆ, ಒಳ್ಳೆಯ ಫಿಲ್ಟರ್ ಹಾಕಿವೆ. ಆದರೆ ನಿಮ್ಮ ಪಕ್ಕದ ಕುರ್ಚಿಯವರು ಕೆಮ್ಮಿದರೆ ಅದು ಫಿಲ್ಟರಿಗೆ ಹೋಗುವ ಮೊದಲೇ ನಿಮ್ಮನ್ನು ಮುಟ್ಟಿರುತ್ತದೆ. ಕಡಲಗಾಳಿ ಬೀಸುವ ತೆರೆದ ಡೆಕ್ಕೇ ಇಡೀ ಹಡಗಿನಲ್ಲಿ ಸೋಂಕಿನ ಭಯ ಅತಿ ಕಡಿಮೆ ಇರುವ ಜಾಗ. ಸ್ವೆಟರ್ ಹಾಕಿಕೊಂಡು, ಬೇಕಿದ್ದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಅಲ್ಲೇ ಕುಳಿತುಕೊಳ್ಳಿ. ಊಟಕ್ಕೂ ಹೊರಗಡೆ ಮೇಜು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಮನೆಯಿಂದಲೇ ಹೊರಟದ್ದು

ಬೆಂಗಳೂರಿನ ಒಂದು ಕುಟುಂಬದ ರಜೆಯನ್ನು ಲೆಕ್ಕಹಾಕಿ ನೋಡೋಣ. ಹೊರಡುವ ಹಿಂದಿನ ವಾರ ನೆಂಟರ ಮದುವೆ. ಮಗುವಿನ ಶಾಲೆಯಲ್ಲಿ ಅರ್ಧ ತರಗತಿ ಮೂಗು ಸೊರಗುಟ್ಟಿಸುತ್ತಿದೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಡುರಾತ್ರಿಯ ವಿಮಾನ, ನಿದ್ದೆಗೆಟ್ಟು ಬೆಳಗಿನ ಹೊತ್ತಿಗೆ ಸಿಂಗಪುರ, ಮಧ್ಯಾಹ್ನ ಮರೀನಾ ಬೇ ಕ್ರೂಸ್ ಸೆಂಟರ್‌ನ ಉದ್ದನೆಯ ಕ್ಯೂ. ಅಲ್ಲಿಂದ ಪೆನಾಂಗ್, ಫುಕೆಟ್ ಸುತ್ತಿಕೊಂಡು ಮೂರು ನಾಲ್ಕು ರಾತ್ರಿಯಲ್ಲಿ ವಾಪಸ್. ಸಾಮಾನ್ಯ ನೆಗಡಿಯ ವೈರಾಣು ಒಳಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಒಂದರಿಂದ ಮೂರು ದಿನ ಬೇಕು. ಫ್ಲೂ ಆದರೆ ಒಂದರಿಂದ ನಾಲ್ಕು ದಿನ. ಅಂದರೆ ಇಂಥ ಚಿಕ್ಕ ಯಾನದ ಮೊದಲೆರಡು ದಿನದಲ್ಲಿ ಕೆಮ್ಮುವವರು ಬಹುಮಟ್ಟಿಗೆ ಮನೆಯಿಂದಲೋ ದಾರಿಯಿಂದಲೋ ಅದನ್ನು ತಂದವರು. ಹಡಗಿನಲ್ಲಿ ಅಂಟಿಸಿಕೊಂಡವರು ಕೆಮ್ಮುವುದು ಸೋಮವಾರ ಆಫೀಸಿನಲ್ಲಿ.

ಆದ್ದರಿಂದ ತಡೆಗಟ್ಟುವ ಕೆಲಸ ಶುರುವಾಗಬೇಕಾದ್ದು ಹೊರಡುವ ಎರಡು ವಾರ ಮೊದಲು. ಫ್ಲೂ ಲಸಿಕೆ ಹಾಕಿಸಿಕೊಂಡರೆ ಅದು ಪೂರ್ತಿ ಕೆಲಸಕ್ಕೆ ಬರಲು ಸುಮಾರು ಎರಡು ವಾರ ಬೇಕು. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿ ಇದನ್ನು ತಪ್ಪದೆ ಹಾಕಿಸಿಕೊಳ್ಳುವುದು ಒಳ್ಳೆಯದು. ‘ನಾವು ಹೋಗುತ್ತಿರುವುದು ಬೇಸಿಗೆಯ ದೇಶಕ್ಕೆ, ಅಲ್ಲೆಲ್ಲಿ ಫ್ಲೂ’ ಎನ್ನುವವರಿದ್ದಾರೆ. ಹಡಗಿಗೆ ಋತುವಿನ ಹಂಗಿಲ್ಲ. 1997ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಮಾಂಟ್ರಿಯಲ್‌ಗೆ ಹೊರಟಿದ್ದ ಹಡಗೊಂದರಲ್ಲಿ ಫ್ಲೂ ಹಬ್ಬಿತು. ಅಮೆರಿಕದಲ್ಲಿ ಅದು ಫ್ಲೂ ಕಾಲವೇ ಅಲ್ಲ. ಆದರೆ ಹಡಗಿನಲ್ಲಿ ಆಸ್ಟ್ರೇಲಿಯಾದ ಪ್ರವಾಸಿಗರಿದ್ದರು, ಅವರ ದೇಶದಲ್ಲಿ ಆಗಷ್ಟೇ ಚಳಿಗಾಲ ಮುಗಿಯುತ್ತಿತ್ತು. ಮರುವರ್ಷ ಅಲಾಸ್ಕಾದಲ್ಲಿ ಬೇಸಿಗೆಯ ನಡುವೆಯೇ ಪ್ರವಾಸಿಗರಲ್ಲಿ ಫ್ಲೂ ಕಾಣಿಸಿಕೊಂಡಿತು. ಭೂಮಿಯ ಎರಡೂ ಅರ್ಧದ ಜನ ಒಂದೇ ಊಟದ ಮನೆಯಲ್ಲಿ ಕೂತಾಗ ಎಲ್ಲ ಋತುಗಳೂ ಅಲ್ಲಿರುತ್ತವೆ.

ಹಡಗು ಹತ್ತಿದ ಮೇಲಿನ ಎಚ್ಚರಿಕೆ ದೊಡ್ಡದೇನಲ್ಲ. ಬಫೆಯ ಸಾಲನ್ನೇ ನೋಡಿ. ಅನ್ನದ ಪಾತ್ರೆಯ ಸೌಟನ್ನು ನೂರಾರು ಕೈಗಳು ಮುಟ್ಟಿರುತ್ತವೆ. ಅದೇ ಸೌಟು ಹಿಡಿದ ಬಲಗೈಯಲ್ಲೇ ನಾವು ಚಪಾತಿ ಮುರಿಯುತ್ತೇವೆ, ಅನ್ನ ಕಲಸುತ್ತೇವೆ, ನಡುವೆ ಮೂಗು ಒರೆಸಿಕೊಳ್ಳುತ್ತೇವೆ. ಕೈಯಲ್ಲಿ ಉಣ್ಣುವ ನಮಗೆ ಬಡಿಸಿಕೊಂಡು ಬಂದ ಮೇಲೆ ಇನ್ನೊಮ್ಮೆ ಕೈ ತೊಳೆಯುವುದು ಅನಿವಾರ್ಯ. ಬಾಗಿಲಲ್ಲಿ ಸಿಬ್ಬಂದಿ ಸ್ಯಾನಿಟೈಸರ್ ಹಾಕುತ್ತಾರೆ, ಹಾಕಿಸಿಕೊಳ್ಳಿ. ಆದರೆ ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಾಣು ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೆ ಸೋಪು ನೀರೇ ಬೇಕು. ಸೋಪು ನೆಗಡಿಯ ವೈರಾಣುವಿಗೂ ಇದಕ್ಕೂ ಆಗುತ್ತದೆ. ಒಂದೆರಡು ಮಹಡಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ಹತ್ತಾರು ಜನ ಕೆಮ್ಮುತ್ತಿರುವ ರಂಗಮಂದಿರದಲ್ಲಿ ಒಂದು ಗಂಟೆ ಮಾಸ್ಕ್ ಹಾಕಿಕೊಳ್ಳಲು ಸಂಕೋಚ ಬೇಡ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ದುಡ್ಡು ಕೊಟ್ಟಿದ್ದೇವೆಂದು ನಡುರಾತ್ರಿ ಎರಡು ಗಂಟೆಯವರೆಗೆ ಎಲ್ಲವನ್ನೂ ನೋಡಿ ಮುಗಿಸುವ ಹಟ ದೇಹಕ್ಕೆ ಒಳ್ಳೆಯದಲ್ಲ.

ಕೆಳಗಿನ ಡೆಕ್ಕಿನವರು

ಪ್ರಯಾಣಿಕರಾದ ನಾವು ಕಾಣದ ಒಂದು ಊರು ಹಡಗಿನ ತಳದಲ್ಲಿದೆ. ಅಡುಗೆಯವರು, ಬಡಿಸುವವರು, ಕೋಣೆ ಗುಡಿಸಿ ಹಾಸಿಗೆ ಹಾಸುವವರು ಅಲ್ಲಿ ಸಣ್ಣ ಕ್ಯಾಬಿನ್ನುಗಳನ್ನು ಹಂಚಿಕೊಂಡು ಮಲಗುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ. ಅವರಲ್ಲಿ ಮುಂಬೈ, ಗೋವಾ, ಕೇರಳದವರು ಬಹಳ. ಕಾರವಾರ, ಮಂಗಳೂರು ಕಡೆಯವರೂ ಇದ್ದಾರೆ. ಈ ಲೇಖನದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಿರುವುದು ಇವರ ಬಗ್ಗೆಯೇ.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ತಡೆದು ನಿಲ್ಲಿಸಿದ್ದು ಎಲ್ಲರಿಗೂ ನೆನಪಿರಬಹುದು. ಯೊಕೊಹಾಮಾದಲ್ಲಿ ಹತ್ತಿ ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದಿದ್ದ ಪ್ರಯಾಣಿಕರೊಬ್ಬರಿಗೆ ಕೋವಿಡ್ ಇರುವುದು ಆಮೇಲೆ ತಿಳಿಯಿತು. ಅವರಿಗಿದ್ದ ಮೊದಲ ಲಕ್ಷಣ ಕೆಮ್ಮು. ಹಡಗಿನಲ್ಲಿ 2666 ಪ್ರಯಾಣಿಕರು, 1045 ಸಿಬ್ಬಂದಿ. ಕೊನೆಗೆ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತು. ಪ್ರಯಾಣಿಕರನ್ನು ಅವರವರ ಕ್ಯಾಬಿನ್ನಿನಲ್ಲಿ ಇರಿಸಿದರು. ಆದರೆ ಅವರಿಗೆ ಮೂರು ಹೊತ್ತು ಊಟ ಕೊಡಬೇಕಲ್ಲ? ಸಿಬ್ಬಂದಿ ದುಡಿಯುತ್ತಲೇ ಇದ್ದರು, ಕ್ಯಾಬಿನ್ ಹಂಚಿಕೊಂಡೇ ಮಲಗುತ್ತಿದ್ದರು. ಮೊದಲು ಪತ್ತೆಯಾದ 20 ಸೋಂಕಿತ ಸಿಬ್ಬಂದಿಯಲ್ಲಿ 15 ಮಂದಿ ಊಟದ ವಿಭಾಗದವರು, 16 ಮಂದಿ 3ನೇ ಡೆಕ್ಕಿನಲ್ಲಿ ವಾಸವಿದ್ದವರು. ಆ ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು 6 ಮಂದಿ, ಉಳಿದ 132 ಮಂದಿಯೂ ಸಿಬ್ಬಂದಿ. ಉತ್ತರ ಕನ್ನಡದ ಮನೆಗಳಲ್ಲಿಯೂ ಆ ದಿನಗಳಲ್ಲಿ ನಿದ್ದೆ ಇರಲಿಲ್ಲ.

ಮರುತಿಂಗಳು ವಿದೇಶಿ ವಿಹಾರ ಹಡಗುಗಳಿಗೆ ನವಮಂಗಳೂರು ಬಂದರೂ ಬಾಗಿಲು ಹಾಕಿತು. 2022ರ ಜನವರಿಯಲ್ಲಿ ಮುಂಬೈನಿಂದ ಗೋವಾಕ್ಕೆ ಬಂದ ಹಡಗೊಂದರಲ್ಲಿ ಸುಮಾರು 2000 ಜನರನ್ನು ಪರೀಕ್ಷಿಸಿದಾಗ 66 ಮಂದಿಗೆ ಸೋಂಕಿತ್ತು. ಈಗ ಆ ಭಯ ಹೋಗಿದೆ. ಪ್ರತಿ ಋತುವಿನಲ್ಲಿ ಮತ್ತೆ ಹಡಗುಗಳು ಮಂಗಳೂರಿಗೆ ಬರುತ್ತಿವೆ, ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಭಯ ಹೋದದ್ದು ಒಳ್ಳೆಯದೇ. ಅದರ ಜೊತೆಗೆ ಕಲಿತದ್ದೂ ಮರೆತುಹೋಗಬಾರದು. ಕೆಮ್ಮುವ ಪ್ರವಾಸಿ ನಾಲ್ಕು ದಿನಕ್ಕೆ ಮನೆಗೆ ಹೋಗಿ ಮಲಗುತ್ತಾನೆ. ಅವನ ಹಾಸಿಗೆ ಬದಲಿಸಿದ ಹುಡುಗ ಅದೇ ಸಂಜೆ ಬರುವ ಹೊಸ ಎರಡು ಸಾವಿರ ಜನರಿಗೆ ಕೆಲಸ ಮಾಡಬೇಕು. ಎಂಟು ಒಂಬತ್ತು ತಿಂಗಳ ಒಪ್ಪಂದದಲ್ಲಿ ಮನೆಯಿಂದ ದೂರ ಇರುವ ಆ ಹುಡುಗನಿಗೆ ಕಾಯಿಲೆ ಬಿದ್ದರೆ ನೋಡಿಕೊಳ್ಳುವ ತಾಯಿ ಅಲ್ಲಿಲ್ಲ.

ನೆಗಡಿ ಬಂದೇಬಿಟ್ಟರೆ

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಬೇಕಿಲ್ಲ. ಅದಾಗಿಯೇ ವಾರ ಹತ್ತು ದಿನದಲ್ಲಿ ಹೋಗುವ ಕಾಯಿಲೆ ಅದು, ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯಬಹುದು. ಹಡಗಿನಲ್ಲಿ ಮಾಡಬೇಕಾದ್ದು ಮೂಗು ಗಂಟಲಿಗೆ ನೆಮ್ಮದಿ ಕೊಡುವುದು, ಅಪಾಯದ ಲಕ್ಷಣ ಗಮನಿಸುವುದು, ಬೇರೆಯವರಿಗೆ ಹಂಚದಿರುವುದು.

ಮೈಕೈ ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಕಟ್ಟಿದ ಮೂಗಿಗೆ ಉಪ್ಪುನೀರಿನ (ಸಲೈನ್) ಹನಿ, ಗಂಟಲಿಗೆ ಬಿಸಿ ಉಪ್ಪುನೀರಿನ ಮುಕ್ಕಳಿಕೆ. ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನು, ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೂಡದು. ಕಷಾಯ ಬೇಕೆನ್ನುವವರು ಒಂದು ವಿಷಯ ತಿಳಿದಿರಬೇಕು: ಬೆಂಕಿಯ ಭಯದಿಂದ ಹಡಗುಗಳಲ್ಲಿ ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್ ಒಯ್ಯಲು ಬಿಡುವುದಿಲ್ಲ. ಜೀರಿಗೆ, ಕೊತ್ತಂಬರಿ, ಮೆಣಸು, ಶುಂಠಿಯ ಸೀಲ್ ಆದ ಪುಡಿ ಪ್ಯಾಕೆಟ್ಟಿಗೆ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಒಂದು ಫ್ಲಾಸ್ಕ್ ಇದ್ದರಾಯಿತು. ಹಬೆ ತೆಗೆದುಕೊಳ್ಳಲು ಅಲುಗಾಡುವ ಹಡಗಿನಲ್ಲಿ ಕುದಿನೀರಿನ ಪಾತ್ರೆಯ ಮುಂದೆ ಬಗ್ಗುವುದು ಬೇಡ, ಬಚ್ಚಲಮನೆಯ ಬಾಗಿಲು ಹಾಕಿ ಬಿಸಿನೀರಿನ ಶವರ್ ಬಿಟ್ಟುಕೊಂಡು ನಿಂತರೆ ಅಷ್ಟೇ ಹಿತ.

ಮಾತ್ರೆಗಳ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲೇ ನಮ್ಮವರು ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು. ಹಡಗಿನ ತೊನೆದಾಟಕ್ಕೆಂದು ಅವೊಮಿನ್ ನುಂಗಿರುತ್ತಾರೆ. ಅದರ ಮೇಲೆ ನೆಗಡಿಗೆಂದು ಸೆಟ್ರಿಜಿನ್ ಅಥವಾ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ. ಎಲ್ಲವೂ ಒಂದೇ ಬಳಗದ ಔಷಧಗಳು, ಎಲ್ಲವೂ ಮಂಪರು ತರುವಂಥವು. ಎರಡೂ ಸೇರಿ, ತೂಗುವ ಹಡಗೂ ಸೇರಿದರೆ, ಎಪ್ಪತ್ತರ ಅಜ್ಜ ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವುದು ದೂರದ ಮಾತಲ್ಲ. ಅದರ ಜೊತೆ ಮದ್ಯವಂತೂ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಮೂಗು ಬಿಡಿಸಲೆಂದು ಫಿನೈಲ್‌ಎಫ್ರಿನ್ ಸೇರಿಸಿರುತ್ತಾರೆ. ಬಾಯಿಂದ ನುಂಗಿದರೆ ಅದರಿಂದ ಪ್ರಯೋಜನವಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಹೇಳಿತು. ಬಿ.ಪಿ. ಇರುವವರು ಇಂಥ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಸಿರಪ್ ಕೊಡಬಾರದೆಂದು ನಮ್ಮ ಕೇಂದ್ರ ಔಷಧ ನಿಯಂತ್ರಕರೇ 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ಬ್ಯಾಗಿನಲ್ಲಿ ಅಜಿತ್ರೊಮೈಸಿನ್ ಇಟ್ಟುಕೊಂಡು ಹೊರಡುವ ಅಭ್ಯಾಸ ನಮ್ಮಲ್ಲಿ ವಿಪರೀತವಾಗಿದೆ. ನೆಗಡಿ, ಫ್ಲೂ ಎರಡೂ ವೈರಾಣುವಿನಿಂದ ಬರುವಂಥವು, ಆ್ಯಂಟಿಬಯಾಟಿಕ್‌ನಿಂದ ಅವುಗಳ ಕೂದಲೂ ಕೊಂಕುವುದಿಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್ಪನ್ನಂತೂ ಪ್ಯಾಕ್ ಮಾಡಲೇಬೇಡಿ. ಸಿಂಗಪುರ, ದುಬೈನಂಥ ಕಡೆ ಅದು ನಿಯಂತ್ರಿತ ಔಷಧ, ಅನುಮತಿಯಿಲ್ಲದೆ ಒಯ್ದರೆ ಕಾನೂನಿನ ತೊಡಕು. ಇನ್ನೊಂದು ಸಂಗತಿ ಅನೇಕರಿಗೆ ಹೊಳೆಯುವುದಿಲ್ಲ. ಬಿ.ಪಿ.ಗೆ ರಾಮಿಪ್ರಿಲ್, ಎನಲಾಪ್ರಿಲ್ ಬಳಗದ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಅದರಿಂದಲೇ ಒಣಕೆಮ್ಮು ಬರುತ್ತದೆ. ಅಂಥ ಕೆಮ್ಮಿದ್ದರೆ ಪ್ರವಾಸಕ್ಕೆ ಮೊದಲೇ ವೈದ್ಯರಿಗೆ ಹೇಳಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇದ್ದಕ್ಕಿದ್ದಂತೆ ಜೋರು ಜ್ವರ, ಮೈ ಜಜ್ಜಿದಂಥ ನೋವು, ಹಾಸಿಗೆಯಿಂದ ಏಳಲಾಗದ ಸುಸ್ತು ಕಂಡರೆ ಅದು ಬರೀ ನೆಗಡಿಯಲ್ಲ, ಫ್ಲೂ ಇರಬಹುದು. ಒಸೆಲ್ಟಾಮಿವಿರ್ ಎಂಬ ಔಷಧ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ, ಆದ್ದರಿಂದ ನಾಳೆ ನೋಡೋಣ ಎನ್ನುತ್ತ ಕೂರಬಾರದು. ಏದುಸಿರು, ಎದೆನೋವು, ಮಂಕು, ಮೂರು ದಿನ ದಾಟಿದ ಜ್ವರ, ಮಗುವಿನ ಪಕ್ಕೆ ಎಳೆಯುವಂಥ ಉಸಿರಾಟ, ಇವು ಯಾವುದಿದ್ದರೂ ತಕ್ಷಣ ಹಡಗಿನ ವೈದ್ಯರು ನೋಡಬೇಕು. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬ್ಯಾಗಿಗೆ ಹಾಕಿಕೊಳ್ಳಿ. ಊರಿಗೆ ಬಂದ ಎರಡು ವಾರದೊಳಗೆ ಜ್ವರ, ಕೆಮ್ಮು, ನ್ಯುಮೋನಿಯಾ ಬಂದರೆ ಹಡಗಿನಲ್ಲಿ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. 1994ರಲ್ಲಿ ನ್ಯೂಯಾರ್ಕ್‌ನಿಂದ ಬರ್ಮುಡಾಕ್ಕೆ ಓಡಾಡುತ್ತಿದ್ದ ಹಡಗೊಂದರ ಬಿಸಿನೀರಿನ ತೊಟ್ಟಿಯಿಂದ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಲವು ಯಾನಗಳ ಪ್ರಯಾಣಿಕರಿಗೆ ತಗಲಿತ್ತು. ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು.

ಆ ಒಂದು ಫಾರಂ

ಹಡಗು ಹತ್ತುವ ಮೊದಲು ಆರೋಗ್ಯದ ಫಾರಂ ತುಂಬಿಸಿಕೊಳ್ಳುತ್ತಾರೆ. ಜ್ವರ ಇದೆಯೇ, ಕೆಮ್ಮು ಇದೆಯೇ, ವಾಂತಿಭೇದಿ ಇದೆಯೇ? ಸಾಲಿನಲ್ಲಿ ನಿಂತ ಬಹುತೇಕ ಜನ ಓದದೆಯೇ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಣ, ಸಿಕ್ಕ ನಾಲ್ಕು ದಿನ ರಜೆ, ಕುಣಿದಾಡುತ್ತಿರುವ ಮಕ್ಕಳು. ನಿಜ ಬರೆದರೆ ಇಳಿಸಿಬಿಡುತ್ತಾರೇನೋ ಎಂಬ ಅಳುಕು. ಹತ್ತಿದ ಮೇಲೂ ಅದೇ ಅಳುಕಿನಿಂದ ವೈದ್ಯಕೀಯ ಕೇಂದ್ರಕ್ಕೆ ಹೋಗುವುದಿಲ್ಲ. ಅಲ್ಲಿನ ಶುಲ್ಕವೂ ಕಡಿಮೆಯಲ್ಲ, ಒಮ್ಮೆ ನೋಡಿಸಿಕೊಂಡರೆ ನೂರು ಡಾಲರ್ ದಾಟುವುದು ಸಾಮಾನ್ಯ, ಅದು ಸೀದಾ ಕ್ಯಾಬಿನ್ನಿನ ಬಿಲ್ಲಿಗೆ ಸೇರುತ್ತದೆ. ಈ ಎರಡು ಭಯಕ್ಕೂ ಪರಿಹಾರ ಟಿಕೆಟ್ ಕೊಳ್ಳುವಾಗಲೇ ಮಾಡಿಕೊಳ್ಳಬೇಕು. ಕಾಯಿಲೆಯಿಂದ ಪ್ರವಾಸ ರದ್ದಾದರೂ ಹಣ ಬರುವ, ಹಡಗಿನ ವೈದ್ಯರ ಖರ್ಚನ್ನೂ ಕೊಡುವ ವಿಮೆ ಆರಿಸಿಕೊಳ್ಳಿ. ಏಜೆಂಟರು ಕೊಟ್ಟ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕದೆ ಈ ಎರಡು ಅಂಶ ಅದರಲ್ಲಿವೆಯೇ ಎಂದು ಕೇಳಿ. ಕ್ರೂಸ್ ಟಿಕೆಟ್ ಮಾರುವ ನಮ್ಮ ಏಜೆಂಟರು ಇದನ್ನು ತಾವಾಗಿಯೇ ಹೇಳಬೇಕು ಎಂಬುದು ನನ್ನ ಒತ್ತಾಯ.

ಫಾರಂನಲ್ಲಿ ಸುಳ್ಳು ಬರೆದರೂ ಕೆಮ್ಮು ಹಡಗು ಹತ್ತುತ್ತದೆ. ಪಕ್ಕದ ಕುರ್ಚಿಯಲ್ಲಿ ಕೀಮೋಥೆರಪಿ ಮುಗಿಸಿ ಬಂದ ಹೆಂಗಸಿರಬಹುದು, ಐವತ್ತನೇ ಮದುವೆ ವಾರ್ಷಿಕೋತ್ಸವಕ್ಕೆ ಮಕ್ಕಳು ಕಳಿಸಿದ ಅಜ್ಜ ಅಜ್ಜಿ ಇರಬಹುದು. ಆದ್ದರಿಂದ ಹಡಗಿನಲ್ಲಿ ಮೈ ಬಿಸಿಯಾದರೆ ನಡೆದುಕೊಂಡು ಹೋಗಬೇಡಿ, ಕ್ಯಾಬಿನ್ನಿನ ಫೋನಿನಿಂದಲೇ ವೈದ್ಯಕೀಯ ಕೇಂದ್ರಕ್ಕೆ ಕರೆ ಮಾಡಿ. ಊಟ ಕ್ಯಾಬಿನ್ನಿಗೇ ತರಿಸಿಕೊಳ್ಳಿ. ತಟ್ಟೆ ಕೊಡಲು ಬಂದವರ ಮುಂದೆ ಮಾಸ್ಕ್ ಹಾಕಿಕೊಳ್ಳಿ, ಟಿಶ್ಯೂಗಳನ್ನು ಚೀಲದಲ್ಲಿ ಕಟ್ಟಿಯೇ ಕೊಡಿ, ‘ನನಗೆ ಹುಷಾರಿಲ್ಲ’ ಎಂದು ಅವರಿಗೆ ತಿಳಿಸಿ. ಔಷಧವಿಲ್ಲದೆಯೇ ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಹೊರಗೆ ಬನ್ನಿ, ಆಮೇಲೂ ನಾಲ್ಕೈದು ದಿನ ಜನರ ನಡುವೆ ಮಾಸ್ಕ್ ಇರಲಿ. ಫಾರಂನಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ.